ಹೊಳವಾದ ಮೇಲೆ ಕೊಳೆ: ಮಳೆ ಪುಸ್ತಕದ ಸಾಲುಗಳಲ್ಲಿ ಕಾರಣ ಹುಡುಕುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟವಿರುವ ಎಷ್ಟೋ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಪುಸ್ತಕವೊಂದು ಇರುತ್ತದೆ. ಬರೀ ಮಳೆಯ ಲೆಕ್ಕಕ್ಕೆ ನಿಲ್ಲಿಸುವವರು ಕಡಿಮೆ. ಇಂಚಿನ ಪಕ್ಕದಲ್ಲೇ "ಬೆಳಿಗ್ಗೆಯಿಂದ ಹೊಳವು" (ಅಂದರೆ ಮಳೆಗೆ ಬಿಡುವು), "ಕೆಳಗಿನ ತೋಟಕ್ಕೆ ಔಷಧಿ ಹೊಡೆದಾಯ್ತು", "ಕಾಯಿ ಉದುರಿದೆ", "ಕರೆಂಟಿಲ್ಲ", "ಗೌರಿ ಕರು ಹಾಕಿತು" ಎಂದು ಮನೆಯ ಸಮಾಚಾರವೂ ಸೇರಿಕೊಂಡುಬಿಡುತ್ತದೆ. ಹತ್ತು ಹದಿನೈದು ವರ್ಷದ ಇಂಥ ಪುಸ್ತಕಗಳು ಒಂದೇ ಮನೆಯಲ್ಲಿ ಸಿಕ್ಕಿದರೆ ಅದು ಸಣ್ಣ ಆಸ್ತಿಯೇನಲ್ಲ.

ಡೇಟಾ ವಿಜ್ಞಾನದವರ ಕಣ್ಣಿಗೆ ಈ ಪುಸ್ತಕ ಒಂದು ಘಟನಾ ಸರಣಿ. ಪ್ರತಿ ಸಾಲಿನಲ್ಲೂ ಇರುವುದು ಎರಡೇ ಸಂಗತಿ: ಯಾವಾಗ, ಏನು. ಉಷ್ಣಾಂಶದ ದಾಖಲೆಯ ಹಾಗೆ ಗಂಟೆಗೊಂದು ಅಂಕಿ ಇಲ್ಲಿರುವುದಿಲ್ಲ. ಒಂದು ವಾರ ಖಾಲಿ ಹೋಗುತ್ತದೆ, ಮರುದಿನವೇ ಆರು ಸಾಲು ಬೀಳುತ್ತದೆ. ಆಸ್ಪತ್ರೆಯ ರಿಜಿಸ್ಟರು, ಬ್ಯಾಂಕಿನ ಪಾಸ್‌ಬುಕ್ಕು, ಲೈನ್‌ಮನ್ ಹತ್ತಿರದ ದೂರಿನ ಪುಸ್ತಕ, ಮೊಬೈಲ್ ಟವರಿನ ಅಲಾರಂ ಪಟ್ಟಿ ಎಲ್ಲವೂ ಇದೇ ಜಾತಿಗೆ ಸೇರಿದವು.

ಎರಡು ದಿನ ಹೊಳವಾಗಿ ಬಿಸಿಲು ಕಂಡು ಮತ್ತೆ ಮಳೆ ಹಿಡಿದರೆ ಕೊಳೆ ಜಾಸ್ತಿ ಎನ್ನುವುದು ತೋಟದವರ ಅನುಭವದ ಮಾತು. ಕೃಷಿ ವಿಜ್ಞಾನದ ಪುಸ್ತಕಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ: ಗಾಳಿಯಲ್ಲಿ ತುಂಬಿದ ತೇವ, 20ರಿಂದ 23 ಡಿಗ್ರಿಯ ತಂಪು, ನಡುನಡುವೆ ಬಿಸಿಲು ಮತ್ತು ಮಳೆಯ ಆಟ ಇದ್ದರೆ ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆರೋಗದ ರೋಗಾಣು ಫೈಟಾಫ್ತೊರಕ್ಕೆ ಹಬ್ಬ. ಈಗ ಪ್ರಶ್ನೆ ಹೀಗೆ. ಈ ಮಾತು ಗೊತ್ತೇ ಇಲ್ಲದ ಒಬ್ಬರ ಕೈಗೆ, ಅಥವಾ ಒಂದು ಕಂಪ್ಯೂಟರಿಗೆ, ಬರೀ ಆ ಪುಸ್ತಕಗಳನ್ನು ಕೊಟ್ಟರೆ ಈ ಜಾಡು ಅದಕ್ಕೆ ಸಿಗುತ್ತದೆಯೇ? ಸಿಕ್ಕಿದರೂ ಅದು ನಿಜವಾದ ವಿವರಣೆಯೋ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕಥೆಯೋ ಎಂದು ತಿಳಿಯುವುದು ಹೇಗೆ?

ಜಾಡು ಹುಡುಕುವುದು ಇವತ್ತು ಅಗ್ಗದ ಕೆಲಸ. ಸಾಧಾರಣ ಲ್ಯಾಪ್‌ಟಾಪು ನಿಮಿಷದಲ್ಲಿ ಸಾವಿರಾರು ಜಾಡು ತೆಗೆದು ಮುಂದಿಡುತ್ತದೆ. ಬೆವರು ಬರುವುದು ಅದರಲ್ಲಿ ಯಾವುದನ್ನು ಎಸೆಯಬೇಕು ಎಂದು ನಿರ್ಧರಿಸುವಾಗ. ಹಾಗಾಗಿ ಈ ಲೇಖನದ ಬಹುಪಾಲು ಎಸೆಯುವುದರ ಬಗ್ಗೆಯೇ ಇದೆ.

ಮೊದಲು ಎಣಿಕೆ

1990ರ ದಶಕದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಹೈಕಿ ಮನ್ನಿಲ, ಹನ್ನು ಟೊಯ್ವೊನೆನ್ ಮತ್ತು ಇಂಕೆರಿ ವೆರ್ಕಮೊ ಎಂಬ ಮೂವರಿಗೆ ಇಂಥದೇ ಒಂದು ರಾಶಿ ಎದುರಾಯಿತು. ಅದು ದೂರವಾಣಿ ಜಾಲದ ಅಲಾರಂಗಳ ರಾಶಿ. ಎಲ್ಲೋ ಒಂದು ಕಡೆ ಕೆಟ್ಟರೆ ಹತ್ತು ಕಡೆ ಗಂಟೆ ಹೊಡೆಯುತ್ತದೆ. ಯಾವ ಅಲಾರಂ ಹಿಂದೆ ಯಾವುದು ಬರುತ್ತದೆ ಎಂದು ಗೊತ್ತಾದರೆ ಮೂಲ ಹಿಡಿಯಬಹುದು. 1997ರಲ್ಲಿ ಅವರು ಪ್ರಕಟಿಸಿದ ವಿಧಾನ ಹೇಳಲು ಸರಳವಾಗಿದೆ. ಕಾಲದ ಉದ್ದಕ್ಕೂ ಒಂದು ಕಿಟಕಿಯನ್ನು ಸರಿಸುತ್ತಾ ಹೋಗಿ. ಕಿಟಕಿಯ ಅಗಲ ಮೂರು ದಿನ ಎಂದುಕೊಂಡರೆ, ಆ ಮೂರು ದಿನದೊಳಗೆ 'ಹೊಳವು, ಆಮೇಲೆ ಮಳೆ, ಆಮೇಲೆ ಕಾಯಿ ಉದುರಿದ್ದು' ಈ ಕ್ರಮದಲ್ಲಿ ಎಷ್ಟು ಕಿಟಕಿಗಳಲ್ಲಿ ಕಾಣುತ್ತದೆ ಎಂದು ಎಣಿಸಿ. ಹೆಚ್ಚು ಸಲ ಕಂಡದ್ದನ್ನು ಇಟ್ಟುಕೊಳ್ಳಿ. ಮೂರರ ಜಾಡು ಹೆಚ್ಚು ಸಲ ಕಾಣಬೇಕಾದರೆ ಅದರೊಳಗಿನ ಎರಡರ ಜಾಡುಗಳೂ ಹೆಚ್ಚು ಸಲ ಕಾಣಲೇಬೇಕಲ್ಲ? ಈ ಒಂದು ಸತ್ಯದಿಂದಲೇ ಹುಡುಕಾಟ ಬೇಗ ಮುಗಿಯುತ್ತದೆ, ಸಣ್ಣದೇ ಇಲ್ಲದ ಮೇಲೆ ದೊಡ್ಡದನ್ನು ಹುಡುಕುವ ಹಂಗಿಲ್ಲ.

ಕಿಟಕಿಯ ಅಗಲ ಎಷ್ಟಿರಬೇಕು ಎನ್ನುವುದಕ್ಕೆ ಸಿದ್ಧ ಉತ್ತರವಿಲ್ಲ. ಕೊಳೆರೋಗ ಸಾಮಾನ್ಯವಾಗಿ ಮುಂಗಾರು ಹಿಡಿದ ಎರಡು ಮೂರು ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಮೂರು ದಿನದ ಕಿಟಕಿಯಲ್ಲಿ ಅದರ ಮೂಲ ಸಿಗುವುದಿಲ್ಲ. ಒಂದು ತಿಂಗಳ ಕಿಟಕಿ ಇಟ್ಟರೆ ಗೌರಿ ಕರು ಹಾಕಿದ್ದೂ ಕೊಳೆಗೆ ಕಾರಣ ಎಂದು ಕಾಣತೊಡಗುತ್ತದೆ.

ಎಣಿಕೆಯಲ್ಲೇ ಇನ್ನೊಂದು ತೊಡಕಿದೆ. ಪುಸ್ತಕದಲ್ಲಿ 'ಮಳೆ, ಮಳೆ, ಮಳೆ, ಮಳೆ, ಕಾಯಿ ಉದುರಿತು' ಎಂದಿದೆ ಅನ್ನಿ. 'ಮಳೆಯ ನಂತರ ಕಾಯಿ ಉದುರುವುದು' ಎಷ್ಟು ಸಲ ಆಯಿತು? ಪ್ರತಿ ಮಳೆಯನ್ನೂ ಜೋಡಿ ಮಾಡಿದರೆ ನಾಲ್ಕು. ನೆಲಕ್ಕೆ ಬಿದ್ದದ್ದು ಒಂದೇ ಸಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎಸ್. ಶಾಸ್ತ್ರಿ, ಶ್ರೀವತ್ಸನ್ ಲಕ್ಷ್ಮಣ್ ಮತ್ತು ಜನರಲ್ ಮೋಟರ್ಸ್‌ನ ಕೆ. ಪಿ. ಉನ್ನಿಕೃಷ್ಣನ್ ಸೇರಿ ಈ ಗಂಟನ್ನು ಬಿಡಿಸಿದರು: ಒಂದರ ಮೇಲೊಂದು ಬೀಳದ ಸಂದರ್ಭಗಳನ್ನು ಮಾತ್ರ ಎಣಿಸಿ, ಒಂದು ಜಾಡು ಪೂರ್ತಿಯಾದ ಮೇಲೆಯೇ ಮುಂದಿನದನ್ನು ಶುರುಮಾಡಿ. 2005ರ ಸುಮಾರಿಗೆ ಅವರು ತೋರಿಸಿದ್ದೇನೆಂದರೆ, ಹೀಗೆ ಎಣಿಸಿದರೆ ಲೆಕ್ಕ ಬೇಗ ಆಗುವುದಲ್ಲದೆ ಎಣಿಕೆಯ ಹಿಂದೆ ಒಂದು ಸಂಭವನೀಯತೆಯ ಮಾದರಿಯನ್ನೂ ನಿಲ್ಲಿಸಬಹುದು. ಅವರು ಇದನ್ನು ಪರೀಕ್ಷಿಸಿದ ದಾಖಲೆಗಳಲ್ಲಿ ಕಾರು ಕಾರ್ಖಾನೆಯ ಯಂತ್ರಗಳ ದೋಷಪಟ್ಟಿಯೂ ಇತ್ತು. ನಮ್ಮ ಮಳೆ ಪುಸ್ತಕಕ್ಕೂ ಅದೇ ಉಪಾಯ ನಡೆಯುತ್ತದೆ.

ಆಷಾಢದಲ್ಲಿ ಎಲ್ಲದರ ಹಿಂದೆಯೂ ಮಳೆ

ಎಣಿಸಿಯಾಯಿತು. ಇನ್ನು ಎಸೆಯುವ ಕೆಲಸ. ಲೆಕ್ಕದ ಸುಲಭಕ್ಕೆ ಒಂದು ಕಾಲ್ಪನಿಕ ಮಳೆಗಾಲ ತೆಗೆದುಕೊಳ್ಳೋಣ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ. ಅದರಲ್ಲಿ ಮಳೆ ಬಂದದ್ದು 100 ದಿನ, ಕಾಯಿ ಉದುರಿದ್ದು ಕಂಡದ್ದು 12 ದಿನ. ಆ ಹನ್ನೆರಡಕ್ಕೆ ಹನ್ನೆರಡರಲ್ಲೂ ಹಿಂದಿನ ಮೂರು ದಿನದೊಳಗೆ ಮಳೆ ಬಂದಿತ್ತು. ನೂರಕ್ಕೆ ನೂರು! ಕಂಪ್ಯೂಟರು ಇದನ್ನೇ ಪಟ್ಟಿಯ ತಲೆಯಲ್ಲಿ ಕೂರಿಸುತ್ತದೆ.

ಆದರೆ ಮಲೆನಾಡಿನ ಮಳೆಗಾಲದಲ್ಲಿ ಕಣ್ಣುಮುಚ್ಚಿ ಯಾವ ದಿನದ ಮೇಲೆ ಬೆರಳಿಟ್ಟರೂ ಹಿಂದಿನ ಮೂರು ದಿನದಲ್ಲಿ ಮಳೆ ಬಂದೇ ಇರುತ್ತದೆ. ಕರು ಹಾಕಿದ್ದಕ್ಕೂ ಹಿಂದೆ ಮಳೆ, ಕರೆಂಟು ಬಂದದ್ದಕ್ಕೂ ಹಿಂದೆ ಮಳೆ. ಈ ಜಾಡು ಸುಳ್ಳಲ್ಲ, ಹೊಸದೇನನ್ನೂ ಹೇಳುವುದಿಲ್ಲ ಅಷ್ಟೇ. ಈಗ ಹೊಳವಿನ ಜಾಡು ನೋಡಿ. 'ಎರಡು ದಿನ ಹೊಳವಾಗಿ ಮತ್ತೆ ಮಳೆ' ಎನ್ನುವುದು ಯಾವುದೋ ಒಂದು ದಿನದ ಹಿಂದಿನ ವಾರಗಳಲ್ಲಿ ಸಿಗುವ ಸಾಧ್ಯತೆ ನೂರಕ್ಕೆ 20 ಎಂದಿರಲಿ. ಕಾಯಿ ಉದುರಿದ 12 ದಿನಗಳಲ್ಲಿ 9ರ ಹಿಂದೆ ಅದು ಇತ್ತು, ಅಂದರೆ ನೂರಕ್ಕೆ 75. ನಿರೀಕ್ಷೆಗಿಂತ ಸುಮಾರು ನಾಲ್ಕು ಪಟ್ಟು. ನೂರಕ್ಕೆ ನೂರರ ಜಾಡಿಗಿಂತ ನೂರಕ್ಕೆ ಎಪ್ಪತ್ತೈದರ ಜಾಡು ಮೇಲು ಎನ್ನುವುದು ಈ ಇಡೀ ವಿದ್ಯೆಯ ಮೊದಲ ಪಾಠ. ಎಷ್ಟು ಸಲ ಕಂಡಿತು ಎನ್ನುವುದಕ್ಕಿಂತ, ಸುಮ್ಮನೆ ಎಷ್ಟು ಸಲ ಕಾಣಬೇಕಿತ್ತು, ಅದಕ್ಕಿಂತ ಎಷ್ಟು ಹೆಚ್ಚು ಕಂಡಿತು ಎಂದು ಕೇಳಬೇಕು.

ಬರೀ ಅದೃಷ್ಟದಿಂದ ಹನ್ನೆರಡರಲ್ಲಿ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬೀಳುವ ಸಾಧ್ಯತೆ ಲೆಕ್ಕ ಹಾಕಿದರೆ ಲಕ್ಷಕ್ಕೆ ಆರರಷ್ಟು. ಇಲ್ಲಿಗೆ ಗೆದ್ದೆವು ಎನಿಸುತ್ತದೆ. ಎರಡು ಕಾರಣಕ್ಕೆ ಇನ್ನೂ ಗೆದ್ದಿಲ್ಲ.

ಒಂದು, ಆ ಹನ್ನೆರಡು ದಿನಗಳು ಬಿಡಿಬಿಡಿಯಾಗಿಲ್ಲ. ಕೊಳೆ ಶುರುವಾದರೆ ಐದಾರು ದಿನ ಒಟ್ಟಿಗೆ ಉದುರುತ್ತದೆ. ಹನ್ನೆರಡು ಸಾಕ್ಷಿ ಎಂದುಕೊಂಡದ್ದು ನಿಜಕ್ಕೂ ಮೂರೋ ನಾಲ್ಕೋ ಸಾಕ್ಷಿ. ಇನ್ನೊಂದು, ಎಷ್ಟು ಜಾಡುಗಳನ್ನು ಜಾಲಾಡಿ ಇದನ್ನು ತಂದಿರಿ? ಪುಸ್ತಕದಲ್ಲಿ 30 ಬಗೆಯ ಘಟನೆಗಳಿದ್ದರೆ ಮೂರು ಮೆಟ್ಟಿಲಿನ ಜಾಡುಗಳು 30 × 30 × 30, ಅಂದರೆ 27,000. ಲಕ್ಷಕ್ಕೆ ಆರರ ಅದೃಷ್ಟವೂ ಇಪ್ಪತ್ತೇಳು ಸಾವಿರ ಸಲ ಪ್ರಯತ್ನಿಸಿದರೆ ಒಂದೆರಡು ಸಲ ಒಲಿದೇ ಒಲಿಯುತ್ತದೆ. ಅಷ್ಟು ಜಾಡು ಸೋಸಿ ತೆಗೆದ ಕಂಪ್ಯೂಟರಿಗೆ ಈ ಅಂಕಿಯಿಂದ ಹೆಚ್ಚೇನೂ ಗಿಟ್ಟುವುದಿಲ್ಲ. ಆದರೆ ಪುಸ್ತಕ ತೆರೆಯುವ ಮೊದಲೇ ಅಜ್ಜ ಹೇಳಿದ ಒಂದೇ ಒಂದು ಮಾತನ್ನು ಪರೀಕ್ಷಿಸಿದವರಿಗೆ ಅದೇ ಅಂಕಿ ಬಲವಾದ ಸಾಕ್ಷಿ. ಡೇಟಾ ಒಂದೇ, ಲೆಕ್ಕ ಒಂದೇ, ಪ್ರಶ್ನೆ ಯಾವಾಗ ಹುಟ್ಟಿತು ಎನ್ನುವುದರ ಮೇಲೆ ಉತ್ತರದ ತೂಕ ಬದಲಾಗುತ್ತದೆ. ಅನುಭವಿಗಳ ಮಾತನ್ನು ಮೂಢನಂಬಿಕೆ ಎಂದು ಬದಿಗಿಡುವ ಡೇಟಾ ಪಂಡಿತರು ತಮ್ಮ ಕೈಯ ಒಳ್ಳೆಯ ಸಲಕರಣೆಯನ್ನೇ ಎಸೆಯುತ್ತಿದ್ದಾರೆ ಎನ್ನುವುದು ನನ್ನ ಅಭಿಪ್ರಾಯ.

ಮಳೆ ನಕ್ಷತ್ರದ ಉಪಕಾರ

ಇದಕ್ಕಿಂತ ದೊಡ್ಡ ಮೋಸ ಋತುವಿನದು. ಹೊಳವೂ ಜುಲೈ ಕೊನೆಯ ನಂತರವೇ ಹೆಚ್ಚು, ಕಾಯಿ ಉದುರುವುದೂ ಆಗಲೇ ಹೆಚ್ಚು ಎಂದಾದರೆ, ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲದಿದ್ದರೂ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಎರಡೂ ಒಂದೇ ಕ್ಯಾಲೆಂಡರಿನ ಮೇಲೆ ಸವಾರಿ ಮಾಡುತ್ತಿರುತ್ತವೆ ಅಷ್ಟೆ.

ಇದನ್ನು ಬಯಲಿಗೆಳೆಯಲು ಸಂಖ್ಯಾಶಾಸ್ತ್ರದವರು ಇಸ್ಪೀಟಿನ ಹಾಗೆ ಕಲಸುತ್ತಾರೆ. ಘಟನೆಗಳ ದಿನಾಂಕಗಳನ್ನು ಕಲಸಿ, ಕಲಸಿದ ಪುಸ್ತಕದಲ್ಲಿ ಅದೇ ಜಾಡು ಎಷ್ಟು ಸಲ ಸಿಗುತ್ತದೆ ನೋಡುವುದು. ಸಾವಿರ ಸಲ ಕಲಸಿದರೂ ನಿಜವಾದ ಪುಸ್ತಕದಷ್ಟು ಸಿಗದಿದ್ದರೆ ಜಾಡಿನಲ್ಲಿ ಏನೋ ಹುರುಳಿದೆ. ಆದರೆ ಜೂನಿನ ಸಾಲನ್ನು ಸೆಪ್ಟೆಂಬರಿಗೆ ಎಳೆದು ಕಲಸಿದರೆ ಋತುವೇ ಕೆಟ್ಟುಹೋಗುತ್ತದೆ, ಆಗ ಎಲ್ಲ ಜಾಡೂ ಅದ್ಭುತವಾಗಿ ಕಾಣುತ್ತದೆ. ಋತುವನ್ನು ಮುಟ್ಟದೆ ಕಲಸಬೇಕು.

ಅದಕ್ಕೆ ನಮ್ಮಲ್ಲಿ ಸಿದ್ಧವಾದ ಅಳತೆಯೊಂದಿದೆ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು. ಒಂದೊಂದೂ ಹದಿಮೂರು ಹದಿನಾಲ್ಕು ದಿನ, ತಿಥಿಯ ಹಾಗೆ ಹಿಂದೆ ಮುಂದೆ ಓಡಾಡುವುದಿಲ್ಲ. ಆರಿದ್ರಾ ಜೂನ್ 21–22ರ ಹೊತ್ತಿಗೆ, ಪುಷ್ಯ ಜುಲೈ 20ರ ಆಸುಪಾಸಿಗೆ ವರ್ಷವರ್ಷವೂ ಬರುತ್ತವೆ. ಹಾಗಾಗಿ 2018ರ ಪುಷ್ಯ ಮಳೆಯ ಹೊಳವುಗಳನ್ನು 2021ರ ಪುಷ್ಯದ ಕಾಯಿ ಉದುರಿದ ದಿನಗಳ ಪಕ್ಕಕ್ಕೆ ಇಡಿ, 2021ರದನ್ನು 2015ಕ್ಕೆ ಇಡಿ. ಇಡೀ ನಕ್ಷತ್ರವನ್ನೇ ಒಂದು ಕಟ್ಟಾಗಿ ಎತ್ತಿ ವರ್ಷಗಳ ನಡುವೆ ಬದಲಿಸಿ. ಋತು ಹಾಗೆಯೇ ಉಳಿಯುತ್ತದೆ, ಒಟ್ಟಿಗೆ ಉದುರಿದ ದಿನಗಳೂ ಒಟ್ಟಿಗೆ ಉಳಿಯುತ್ತವೆ, ಆ ವರ್ಷದ ಹೊಳವಿಗೂ ಆ ವರ್ಷದ ಕೊಳೆಗೂ ಇದ್ದ ನಂಟು ಮಾತ್ರ ಕಡಿಯುತ್ತದೆ. ನಕ್ಷತ್ರದ ಗಡಿಯಲ್ಲಿ ಒಂದಷ್ಟು ಜಾಡುಗಳು ತುಂಡಾಗುತ್ತವೆ ನಿಜ, ಅದು ಸಹಿಸಬಹುದಾದ ನಷ್ಟ. ಇಷ್ಟಾದರೂ ನಿಜವಾದ ಪುಸ್ತಕ ಎದ್ದು ನಿಂತರೆ ಹೊಳವಿನ ಮಾತಿಗೆ ಋತುವಿನಾಚೆಯ ಸತ್ವ ಇದೆ ಎಂದಾಯಿತು.

ಪ್ರಸಂಗವಶಾತ್ ಇನ್ನೊಂದು ಮಾತು. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂಬ ಗಾದೆಯನ್ನು ಘಟನಾ ಜಾಡಾಗಿ ಓದಿದರೆ ಅದರ ಕಟ್ಟು ಬಹಳ ಗಟ್ಟಿ. ಮಳೆಯಾದರೆ ಏನು ಎನ್ನುವುದರ ಜೊತೆಗೆ ಆಗದಿದ್ದರೆ ಏನು ಎನ್ನುವುದನ್ನೂ ಹೇಳಿ ಸಿಕ್ಕಿಹಾಕಿಕೊಳ್ಳಲು ತಯಾರಾಗಿ ನಿಂತಿದೆ. ನಿಜವೋ ಸುಳ್ಳೋ ಆಮೇಲಿನ ಮಾತು, ಪರೀಕ್ಷೆಗಂತೂ ಒಡ್ಡಿಕೊಂಡಿದೆ. ಬಹುಪಾಲು ಸಾಫ್ಟ್‌ವೇರುಗಳು ಹುಡುಕಿಕೊಡುವ ಜಾಡುಗಳಲ್ಲಿ ಈ ಎರಡನೇ ಅರ್ಧ ಇರುವುದೇ ಇಲ್ಲ.

ಔಷಧಿ ಹೊಡೆದದ್ದಕ್ಕೇ ಉದುರಿತೇ?

ಈಗ ಮಲೆನಾಡಿನ ಪುಸ್ತಕದಲ್ಲಿ ಮಾತ್ರ ಸಿಗಬಹುದಾದ ಒಂದು ಬಲೆ. ಕೊಳೆಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಹಳೆಯದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಕೊಳೆರೋಗದ ಬಗ್ಗೆ ಬರೆದಿದ್ದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಮತ್ತೆ 40–45 ದಿನಕ್ಕೆ ಇನ್ನೊಂದು ಸಲ. ಎರಡನೆಯ ಸಲವೇ ತಾಪತ್ರಯ. ಸುರಿಯುವ ಮಳೆಯಲ್ಲಿ ಮರ ಹತ್ತಲಾಗುವುದಿಲ್ಲ, ಹೊಡೆದದ್ದು ನಿಲ್ಲುವುದೂ ಇಲ್ಲ. ಮರ ಹತ್ತುವ ಕೊನೆಗೌಡರು ಸಿಗಬೇಕು, ಸಿಕ್ಕ ದಿನ ಹೊಳವೂ ಆಗಬೇಕು. ಹಾಗಾಗಿ ಪುಸ್ತಕದಲ್ಲಿ ಔಷಧಿ ಹೊಡೆದ ದಿನಗಳೆಲ್ಲ ಹೊಳವಿನ ದಿನಗಳೇ.

ಮೇಲೆ ಹೇಳಿದ ಜಾಡಿನ ಪ್ರಕಾರ ಹೊಳವಿನ ನಂತರವೇ ಕೊಳೆ. ಪುಸ್ತಕವನ್ನು ಕಂಪ್ಯೂಟರಿಗೆ ಕೊಟ್ಟರೆ ಅದು 'ಔಷಧಿ ಹೊಡೆದ ಮೇಲೆ ಕಾಯಿ ಉದುರುತ್ತದೆ' ಎಂಬ ಜಾಡನ್ನು ಹೆಮ್ಮೆಯಿಂದ ಎತ್ತಿ ತೋರಿಸುತ್ತದೆ. ಋತು ಉಳಿಸಿ ಕಲಸಿದರೂ ಇದು ಅಳಿಯುವುದಿಲ್ಲ, ಏಕೆಂದರೆ ಕ್ರಮ ನಿಜವಾಗಿಯೂ ಇದೆ. ಸಾಲದ್ದಕ್ಕೆ, ನೆಲದ ಮೇಲೆ ನಾಲ್ಕು ಕಾಯಿ ಕಂಡ ಮೇಲೆಯೇ ಎಚ್ಚೆತ್ತು ಔಷಧಿಗೆ ಓಡುವವರೂ ಇದ್ದಾರೆ. ಅವರ ಪುಸ್ತಕದಲ್ಲಿ ಔಷಧಿಯ ನಂತರದ ವಾರ ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಬಿಡಿಸುವ ದಾರಿ ಹೋಲಿಕೆಯನ್ನು ಬದಲಿಸುವುದು. ಔಷಧಿ ಹೊಡೆದ ದಿನವನ್ನು ಯಾವುದೋ ಒಂದು ದಿನದೊಂದಿಗೆ ಹೋಲಿಸಬೇಡಿ, ಔಷಧಿ ಹೊಡೆದ ಹೊಳವನ್ನು ಹೊಡೆಯದ ಹೊಳವಿನೊಂದಿಗೆ ಹೋಲಿಸಿ. ಮತ್ತೆ ಕಾಲ್ಪನಿಕ ಅಂಕಿ: ಹತ್ತು ವರ್ಷದಲ್ಲಿ 40 ಹೊಳವು. 24ರಲ್ಲಿ ಔಷಧಿ ಹೊಡೆದಿದ್ದರು, ನಂತರ 6 ಸಲ ಕಾಯಿ ಉದುರಿತು. 16ರಲ್ಲಿ ಹೊಡೆಯಲಾಗಲಿಲ್ಲ, ನಂತರ 10 ಸಲ ಉದುರಿತು. ಹೊಡೆದಾಗ ನೂರಕ್ಕೆ 25, ಹೊಡೆಯದಾಗ ನೂರಕ್ಕೆ 62. ಯಾವುದೋ ಒಂದು ದಿನದ ನಂತರ ಉದುರುವ ಸಾಧ್ಯತೆ ನೂರಕ್ಕೆ 15 ಇದ್ದರೆ, ಮೊದಲ ಹೋಲಿಕೆಯಲ್ಲಿ ಔಷಧಿ ಖಳನಾಯಕ, ಎರಡನೆಯದರಲ್ಲಿ ರಕ್ಷಕ. ಒಂದೇ ಪುಸ್ತಕ ಎರಡು ತದ್ವಿರುದ್ಧ ತೀರ್ಪು ಕೊಡುತ್ತದೆ. ಈ ಎರಡರಲ್ಲಿ ಯಾವುದು ಸರಿ ಎಂದು ಪುಸ್ತಕಕ್ಕೆ ಗೊತ್ತಿಲ್ಲ. ಮಳೆಯಲ್ಲಿ ಮರ ಹತ್ತಲಾಗದು ಎಂದು ಗೊತ್ತಿರುವವರಿಗೆ ಗೊತ್ತು.

ಹೊಡೆಯದೆ ಬಿಟ್ಟ ಆ 16 ಹೊಳವುಗಳೂ ಸುಮ್ಮನೆ ಬಂದವಲ್ಲ ಎನ್ನುವುದನ್ನು ಮರೆಯಬಾರದು. ಆಳು ಸಿಗದ ವರ್ಷ, ಕೈಯಲ್ಲಿ ಕಾಸಿಲ್ಲದ ವರ್ಷ ತೋಟದ ಉಳಿದ ಆರೈಕೆಯೂ ಕಡಿಮೆಯೇ. ಸಂಶಯ ಪೂರ್ತಿ ಹೋಗುವುದಿಲ್ಲ, ಸಣ್ಣದಾಗುತ್ತದೆ.

ಕ್ಯಾಸನೂರಿನ ಸರಣಿ

ಕಾಲ್ಪನಿಕ ಅಂಕಿ ಸಾಕು. ಇದೇ ಶಿವಮೊಗ್ಗ ಜಿಲ್ಲೆಯಲ್ಲಿ ನಿಜವಾಗಿ ನಡೆದ, ಈಗಲೂ ನಡೆಯುತ್ತಿರುವ ಒಂದು ಸರಣಿ ಇದೆ, ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಮಲಗಿದರು. ಮೊದಲಿಗೆ ಹುಟ್ಟಿದ ಅನುಮಾನ ಹಳದಿ ಜ್ವರದ್ದು. ತಪ್ಪೇನಿರಲಿಲ್ಲ: ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ ಸತ್ತು ಆಮೇಲೆ ಮನುಷ್ಯರಿಗೆ ಜ್ವರ ಬರುವುದು ಹಳದಿ ಜ್ವರದ ಪ್ರಸಿದ್ಧ ಜಾಡು. ಭಾರತದಲ್ಲಿ ಅದುವರೆಗೆ ಇಲ್ಲದ ರೋಗ ಬಂತೇ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಸಿಕ್ಕಿದ್ದು ಬೇರೆಯೇ ವೈರಸ್, ರಷ್ಯಾದ ಕಡೆ ಉಣುಗುಗಳಿಂದ (ರಕ್ತ ಹೀರುವ ಉಣ್ಣೆ ಹುಳುಗಳಿಂದ) ಹರಡುವ ಮೆದುಳುಜ್ವರದ ವೈರಸ್ಸಿನ ಸಂಬಂಧಿ. ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಉಣುಗು. ಎರಡು ರೋಗಕ್ಕೂ ಘಟನೆಗಳ ಕ್ರಮ ಒಂದೇ, ಒಳಗಿನ ಯಂತ್ರ ಬೇರೆ. ಕ್ರಮ ಎಷ್ಟೇ ಗಟ್ಟಿಯಾಗಿ ಕಂಡರೂ ವಿವರಣೆ ಅದರೊಳಗೇ ಇರಬೇಕೆಂದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ಮಂಗನ ಸಾವು ಮನುಷ್ಯನ ಜ್ವರಕ್ಕೆ ಕಾರಣವೇ? ಉತ್ತರ ಹೌದು, ಇಲ್ಲ ಎರಡೂ. ವೈರಸ್ ಉಣುಗಿನಲ್ಲಿದೆ, ಮಂಗವೂ ಮನುಷ್ಯನೂ ಅದರಿಂದ ಕಚ್ಚಿಸಿಕೊಂಡವರು. ಅಷ್ಟೇ ಆಗಿದ್ದರೆ ಮಂಗ ಬರೀ ಮುನ್ಸೂಚನೆ. ಆದರೆ ಸೋಂಕು ತಗುಲಿದ ಕಪ್ಪು ಮೂತಿಯ ಮುಸಿಯವೋ ಕೆಂಪು ಮೂತಿಯ ಮಂಗವೋ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರಿ ಆ ಜಾಗ ಸೋಂಕಿನ ಗೂಡಾಗುತ್ತದೆ. ಅಲ್ಲಿ ದರಗು (ಒಣ ಎಲೆ) ಗುಡಿಸಲು, ಸೊಪ್ಪು ಸೌದೆಗೆ ಹೋದವರಿಗೆ ಅಪಾಯ ಹೆಚ್ಚು. ಒಂದೇ ಘಟನೆ ಅರ್ಧ ಸೂಚನೆ, ಅರ್ಧ ಕಾರಣ. ಈ ಭೇದ ತಿಳಿದರೇ ಏನು ಮಾಡಬೇಕೆಂದು ತಿಳಿಯುವುದು: ಮಂಗಗಳನ್ನು ಓಡಿಸಿ ಪ್ರಯೋಜನವಿಲ್ಲ, ಸತ್ತ ಜಾಗಕ್ಕೆ ಹೋಗದಿರುವುದರಿಂದ, ಅಲ್ಲಿ ಉಣುಗು ಸಾಯಿಸುವುದರಿಂದ, ಮೈಗೆ ತೈಲ ಹಚ್ಚಿಕೊಳ್ಳುವುದರಿಂದ ಪ್ರಯೋಜನವಿದೆ.

ಇಲ್ಲಿ ಅಂತರವೂ ಸಾಕ್ಷಿ ಹೇಳುತ್ತದೆ. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಕಾಡಿಗೆ ಹೋದದ್ದಕ್ಕೂ ಜ್ವರಕ್ಕೂ ನಡುವಿನ ದಿನಗಳನ್ನು ಗುರುತಿಸುತ್ತಾ ಹೋದರೆ ಅವು ಆ ಹರವಿನಲ್ಲೇ ಗುಂಪುಗೂಡಬೇಕು. ಒಂದು ದಿನ, ಹತ್ತು ದಿನ, ಇಪ್ಪತ್ತು ದಿನ ಎಂದು ಸಮನಾಗಿ ಚದುರಿದ್ದರೆ ಆ ನಂಟು ಕಾಕತಾಳೀಯ. ಕ್ರಮಕ್ಕಿಂತ ಅಂತರವನ್ನು ನಾನು ಹೆಚ್ಚು ನಂಬುತ್ತೇನೆ. ಕ್ರಮ ಸುಲಭವಾಗಿ ಕೂಡಿಬರುತ್ತದೆ, ಒಂದೇ ಅಂತರ ಪದೇಪದೇ ಕೂಡಿಬರುವುದು ಕಷ್ಟ.

ಋತುವಿನ ಬಲೆಯಂತೂ ಇಲ್ಲಿ ಇನ್ನೂ ಬಿಗಿ. ಉಣುಗಿನ ಮರಿಗಳು ಚುರುಕಾಗುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ರೋಗ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಜನ ದರಗಿಗೆ ಕಾಡು ಹೊಗುವುದೂ ಅದೇ ಕಾಲದಲ್ಲಿ. ಅಂಥ ಕಡೆ ಒಬ್ಬ ವ್ಯಕ್ತಿಯನ್ನು ಅವನೊಂದಿಗೇ ಹೋಲಿಸುವುದು ಒಳ್ಳೆಯ ಉಪಾಯ. 1991ರಲ್ಲಿ ಮಾಲ್ಕಮ್ ಮೆಕ್ಲೂರ್ ಎಂಬ ಸಾಂಕ್ರಾಮಿಕ ರೋಗ ತಜ್ಞರು ಹೃದಯಾಘಾತದ ತಕ್ಷಣದ ಪ್ರಚೋದಕಗಳನ್ನು ಹುಡುಕಲು ಇದನ್ನು ಮುಂದಿಟ್ಟರು. ಜ್ವರ ಬರುವುದಕ್ಕೆ ಮೊದಲಿನ 3–8 ದಿನದಲ್ಲಿ ಈತ ಕಾಡಿಗೆ ಹೋಗಿದ್ದನೇ? ಅದಕ್ಕೂ ಎರಡು ವಾರ ಹಿಂದಿನ ಅಷ್ಟೇ ದಿನಗಳಲ್ಲಿ ಹೋಗಿದ್ದನೇ? ವಯಸ್ಸು, ಬಡತನ, ಮನೆ ಇರುವ ಜಾಗ ಎರಡೂ ಕಡೆ ಒಂದೇ ಆದ್ದರಿಂದ ಅವೆಲ್ಲ ತಾವಾಗಿಯೇ ಲೆಕ್ಕದಿಂದ ಬಿದ್ದುಹೋಗುತ್ತವೆ.

ಮತ್ತೊಂದು ಸೂಕ್ಷ್ಮ. ರಿಜಿಸ್ಟರಿನಲ್ಲಿ ಇರುವುದು ಮಂಗ ಸತ್ತ ದಿನವಲ್ಲ, ಸತ್ತ ಮಂಗ ಯಾರದೋ ಕಣ್ಣಿಗೆ ಬಿದ್ದ ದಿನ. ಕಾಡಿನೊಳಗೆ ಸತ್ತದ್ದು ವಾಸನೆ ಬಂದಮೇಲೆ ಗೊತ್ತಾಗಬಹುದು, ಗೊತ್ತಾಗದೆಯೂ ಹೋಗಬಹುದು. ಆಗ ಮನುಷ್ಯನ ಜ್ವರ ಮೊದಲು, ಮಂಗನ ಸಾವು ಆಮೇಲೆ ಎಂದು ಕ್ರಮವೇ ತಿರುಗುಮುರುಗಾಗುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಜೋರಾಗಿ ಎಲ್ಲೆಡೆ ಸುದ್ದಿಯಾಯಿತು. ಅಂಥ ಸುದ್ದಿಯ ನಂತರ ಜನ ಹೆಚ್ಚು ಹುಡುಕುತ್ತಾರೆ, ಹೆಚ್ಚು ವರದಿ ಮಾಡುತ್ತಾರೆ. ವರದಿ ಹೆಚ್ಚಿದ್ದು ಮಂಗಗಳ ಸಾವು ಹೆಚ್ಚಿದ್ದಕ್ಕೋ, ನೋಡುವ ಕಣ್ಣು ಹೆಚ್ಚಿದ್ದಕ್ಕೋ ಎಂದು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಒಂದು ಇನ್ನೊಂದನ್ನು ಹುಟ್ಟಿಸುವುದು

ಘಟನೆಗಳು ಗುಂಪಾಗಿ ಬಂದಾಗ ಎರಡು ವಿವರಣೆ ಸಾಧ್ಯ. ಹೊರಗಿನ ಒಂದೇ ಕಾರಣ ಎಲ್ಲವನ್ನೂ ಒಟ್ಟಿಗೆ ತಂದಿರಬಹುದು, ಅಥವಾ ಒಂದು ಘಟನೆಯೇ ಮುಂದಿನದನ್ನು ಹುಟ್ಟಿಸಿರಬಹುದು. ಎರಡನೆಯದಕ್ಕೆ 1971ರಲ್ಲಿ ಅಲನ್ ಹಾಕ್ಸ್ ಎಂಬ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಒಂದು ಗಣಿತದ ರೂಪ ಕೊಟ್ಟರು: ಪ್ರತಿ ಘಟನೆಯೂ ಮುಂದಿನ ಘಟನೆಯ ಸಾಧ್ಯತೆಯನ್ನು ಸ್ವಲ್ಪ ಹೊತ್ತು ಏರಿಸುತ್ತದೆ, ಆಮೇಲೆ ಆ ಪ್ರಭಾವ ಇಳಿಯುತ್ತದೆ. ಭೂಕಂಪದ ನಂತರದ ಮರುಕಂಪನಗಳಿಗೆ ಇದೇ ಬಗೆಯ ಮಾದರಿ ಚೆನ್ನಾಗಿ ಹೊಂದುತ್ತದೆ. ಒಂದು ಘಟನೆ ಸರಾಸರಿ ಎಷ್ಟು ಮರಿ ಹಾಕುತ್ತದೆ ಎನ್ನುವುದು ಇಲ್ಲಿನ ಮುಖ್ಯ ಅಂಕಿ. ಒಂದಕ್ಕಿಂತ ಕಡಿಮೆಯಾದರೆ ಸರಣಿ ತಾನಾಗಿ ನಂದುತ್ತದೆ.

ಕೊಳೆರೋಗದಲ್ಲಿ ಎರಡೂ ಇವೆ. ಹವೆ ಎಲ್ಲ ಮರಕ್ಕೂ ಒಂದೇ, ಜೊತೆಗೆ ಒಂದು ಕೊನೆಯ (ಅಡಿಕೆ ಗೊಂಚಲಿನ) ರೋಗ ಮಳೆಹನಿಯ ಸಿಡಿತದಲ್ಲಿ ಪಕ್ಕದ ಕೊನೆಗೂ ಹಾರುತ್ತದೆ. ಮಂಗನ ಕಾಯಿಲೆಯಲ್ಲಿ ಹಾಗಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಒಂದೇ ಮನೆಯ ಮೂವರು ಒಂದು ವಾರದಲ್ಲಿ ಮಲಗಿದರೆ ಮೂವರೂ ಒಂದೇ ಸೊಪ್ಪಿನಬೆಟ್ಟಕ್ಕೆ ಹೋಗಿದ್ದರು ಎಂದರ್ಥ. ಆದರೆ ದಿನಾಂಕಗಳನ್ನಷ್ಟೇ ಕೊಟ್ಟರೆ ಹಾಕ್ಸ್ ಮಾದರಿ ಎರಡನ್ನೂ 'ಒಂದರಿಂದ ಒಂದು' ಎಂದೇ ಓದುತ್ತದೆ. ಇನ್ನೂ ಕಿರಿಕಿರಿಯೆಂದರೆ, ಈ ಕಾಯಿಲೆಯಲ್ಲಿ ನೂರಕ್ಕೆ 10ರಿಂದ 20 ಜನರಿಗೆ ಜ್ವರ ಬಿಟ್ಟು, ಮೂರನೇ ವಾರದ ಸುಮಾರಿಗೆ ಮತ್ತೆ ಬರುತ್ತದೆ. ರೋಗಿಯ ಗುರುತು ಹೊಂದಿಸದೆ ಬರೀ ಜ್ವರದ ಸಾಲುಗಳನ್ನು ಎಣಿಸಿದವರಿಗೆ ಎರಡು ಮೂರು ವಾರದ ಅಂತರದಲ್ಲಿ ಸೋಂಕು ಹರಡುತ್ತಿರುವ ಸೊಗಸಾದ, ಪೂರ್ತಿ ಸುಳ್ಳಾದ ಜಾಡು ಸಿಗುತ್ತದೆ.

ಯಾವ ಜಾಡು ಉಳಿಯಬೇಕು ಎನ್ನುವುದಕ್ಕೆ 1978ರಲ್ಲಿ ಫಿನ್ಲೆಂಡ್ ಮೂಲದ ಮಾಹಿತಿ ವಿಜ್ಞಾನಿ ಯೊರ್ಮ ರಿಸ್ಸನೆನ್ ಕೊಟ್ಟ ಅಳತೆಗೋಲು ನನಗೆ ಇಷ್ಟ. ಜಾಡನ್ನು ಒಮ್ಮೆ ಬರೆದಿಟ್ಟುಕೊಂಡರೆ ಉಳಿದ ಪುಸ್ತಕವನ್ನು ಎಷ್ಟು ಚಿಕ್ಕದಾಗಿ ಬರೆಯಬಹುದು? ಜಾಡು ಬರೆಯಲು ಹಿಡಿದ ಜಾಗ ಮತ್ತು ಉಳಿದ ಪುಸ್ತಕದ ಜಾಗ ಸೇರಿ ಮೂಲಕ್ಕಿಂತ ಕಡಿಮೆಯಾಗದಿದ್ದರೆ ಆ ಜಾಡು ದಂಡ. ಮೂರು ಸಲ ಮಾತ್ರ ಕಂಡ ಹತ್ತು ಮೆಟ್ಟಿಲಿನ ಉದ್ದುದ್ದ ಕಥೆಗಳು ಇಲ್ಲೇ ಉದುರುತ್ತವೆ. ಹೀಗೆ ಚಿಕ್ಕದು ಮಾಡಬಲ್ಲ ಜಾಡೆಲ್ಲ ಕಾರಣವೇನೂ ಆಗಬೇಕಿಲ್ಲ, ಬೋರ್ಡೋ ಕಥೆ ನೆನಪಿರಲಿ.

ಮನೆಯ ಪುಸ್ತಕದಲ್ಲಿ ಇದನ್ನು ಮಾಡಿ ನೋಡಬೇಕೆನ್ನುವವರಿಗೆ ಸಾಧಾರಣ ಎಕ್ಸೆಲ್ ಹಾಳೆ ಸಾಕು. ದಿನಾಂಕಕ್ಕೊಂದು, ಘಟನೆಗೊಂದು, ಯಾವ ತೋಟ ಎನ್ನುವುದಕ್ಕೊಂದು, ಮಳೆ ನಕ್ಷತ್ರಕ್ಕೊಂದು ಕಂಬ. ಇಲ್ಲಿಯವರೆಗಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಬಗೆಯ ಸಾಲನ್ನು ಈ ವರ್ಷದಿಂದ ಸೇರಿಸಿ: "ತೋಟ ಸುತ್ತಿದೆ, ಏನೂ ಉದುರಿಲ್ಲ". ಈ ಸಾಲಿಲ್ಲದೆ ಖಾಲಿ ದಿನದಂದು ರೋಗವಿರಲಿಲ್ಲವೋ, ತೋಟಕ್ಕೆ ಹೋದವರೇ ಇರಲಿಲ್ಲವೋ ಎಂದು ಯಾವ ಲೆಕ್ಕಕ್ಕೂ ತಿಳಿಯುವುದಿಲ್ಲ. ಹಳೆಯ ವರ್ಷಗಳಲ್ಲಿ ಜಾಡು ಹುಡುಕಿ, ಕೊನೆಯ ಎರಡು ವರ್ಷವನ್ನು ಮುಟ್ಟದೆ ಬದಿಗಿಡಿ, ಸಿಕ್ಕಿದ ಜಾಡನ್ನು ಆ ಎರಡರ ಮೇಲೆ ಓಡಿಸಿ. ಅಲ್ಲೂ ನಿಂತರೆ ಮೃಗಶಿರ ಹುಟ್ಟುವ ಮೊದಲು ಪುಸ್ತಕದ ಕೊನೆಯ ಹಾಳೆಯಲ್ಲಿ ಅದನ್ನು ದಿನಾಂಕ ಹಾಕಿ ಬರೆದಿಡಿ: ಎಷ್ಟು ದಿನದ ಹೊಳವು, ಎಷ್ಟು ದಿನದೊಳಗೆ, ಯಾವ ತೋಟ, ಎಷ್ಟು ಕಾಯಿ ಬಿದ್ದರೆ 'ಉದುರಿತು' ಎಂದು ಲೆಕ್ಕ. ಈ ಕೊನೆಯದನ್ನು ಮೊದಲೇ ತೀರ್ಮಾನಿಸದಿದ್ದರೆ ಭಾದ್ರಪದದ ಹೊತ್ತಿಗೆ ಎರಡು ಕಾಯಿ ಬಿದ್ದದ್ದೂ ನಮ್ಮ ಪರವಾಗಿಯೇ ಎಣಿಕೆಯಾಗುತ್ತದೆ.